ರಾತ್ರಿ ಬೆಂಕಿ ಬಿದ್ದರೆ ಮನೆಮಂದಿಯೆಲ್ಲ ಹೊರಬರುವಂತೆ ಸಿದ್ಧತೆ ಹೇಗೆ? ಅಲಾರಂ, ಬಾಗಿಲು, ಬೀಗ, ಗ್ಯಾಸು, ವೈರಿಂಗ್, ಅಭ್ಯಾಸ

ಹೊಸ್ತಿಲು:

ಬೆಂಕಿ ಆರಿಸುವ ಸಿಲಿಂಡರ್ ಯಾವುದು ತರಲಿ ಎಂದು ಕೇಳುವವರು ಬಹಳ. ಅದು ನಾಲ್ಕನೆಯ ಪ್ರಶ್ನೆ. ಎಲ್ಲರೂ ಮಲಗಿರುವಾಗ ಹಜಾರದಲ್ಲಿ ಬೆಂಕಿ ಹತ್ತಿದರೆ ಯಾರಿಗೆ ಯಾವಾಗ ಎಚ್ಚರವಾಗುತ್ತದೆ, ಮಲಗುವ ಕೋಣೆಗೆ ಹೊಗೆ ಬರದಂತೆ ಏನು ತಡೆಯುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋಗುತ್ತಾರೆ, ಈ ಮೂರಕ್ಕೆ ಉತ್ತರ ಸಿಕ್ಕಮೇಲೆ ಸಿಲಿಂಡರ್ ಮಾತು.

ಸಮಯ ಎಷ್ಟಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಸುರಕ್ಷತೆಯ ಪರೀಕ್ಷೆ ಮಾಡುವ ಅಮೆರಿಕದ ಯುಎಲ್ ಸಂಸ್ಥೆ ಎರಡು ಕೋಣೆಗಳಿಗೆ ಒಂದೇ ರೀತಿ ಬೆಂಕಿ ಇಟ್ಟು ನೋಡಿತ್ತು. ಹಳೆಯ ಕಾಲದ ಮರ, ಹತ್ತಿಯ ಪೀಠೋಪಕರಣ ಇದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಸುಮಾರು 29 ನಿಮಿಷ ಬೇಕಾಯಿತು. ಫೋಮ್ ಸೋಫಾ, ಪಾಲಿಯೆಸ್ಟರ್ ಪರದೆ ಇದ್ದ ಈಗಿನ ಕೋಣೆಗೆ ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಫೋಮ್ ಎಂದರೆ ಒಂದು ರೀತಿಯಲ್ಲಿ ಗಟ್ಟಿಯಾಗಿಸಿದ ಪೆಟ್ರೋಲಿಯಂ. ಚಾವಣಿಯ ಕೆಳಗೆ ಸೇರಿಕೊಂಡ ಬಿಸಿ ಹೊಗೆಯೇ ಉರಿಯುವ ವಸ್ತು. ಒಂದು ಹಂತ ದಾಟಿದರೆ ಕೋಣೆಯಲ್ಲಿರುವ ಎಲ್ಲವೂ ಏಕಕಾಲಕ್ಕೆ ಭಗ್ಗೆನ್ನುತ್ತದೆ. ಅದಕ್ಕೆ ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಆಮೇಲೆ ಆ ಕೋಣೆಯಲ್ಲಿ ಯಾರೂ ಬದುಕುವುದಿಲ್ಲ.

ಹಾಗಾಗಿ ಲೆಕ್ಕ ಹೀಗೆ ಇಟ್ಟುಕೊಳ್ಳಿ: ಅಲಾರಂ ಕೂಗಿದ ಎರಡು ನಿಮಿಷದೊಳಗೆ ಎಲ್ಲರೂ ಹೊರಗಿರಬೇಕು. ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆಯಿರಿ. ಪ್ರತಿ ಕೋಣೆಯಿಂದ ಎರಡು ದಾರಿ ಗುರುತಿಸಿ, ಒಂದು ಬಾಗಿಲು, ಇನ್ನೊಂದು ಕಿಟಕಿ ಅಥವಾ ಬಾಲ್ಕನಿ. ಎರಡನೇ ದಾರಿಯೇ ಇಲ್ಲದ ಕೋಣೆ ಸಿಕ್ಕರೆ ಅಲ್ಲಿ ಯಾರು ಮಲಗಬೇಕು ಎಂಬುದನ್ನು ಮತ್ತೆ ಯೋಚಿಸಬೇಕಾಗುತ್ತದೆ. ಮನೆಯಿಂದ ಸಾಕಷ್ಟು ದೂರದಲ್ಲಿ, ಮುಂಭಾಗದಲ್ಲಿ, ಜಾಗ ಬದಲಿಸದ ಒಂದು ಗುರುತು ಆರಿಸಿ: ಮರ, ವಿದ್ಯುತ್ ಕಂಬ, ಗೇಟು. ವಾಹನದ ಹತ್ತಿರ ಎಂದು ಹೇಳಬೇಡಿ, ಅದು ಆ ಹೊತ್ತಿಗೆ ಅಲ್ಲಿರುತ್ತದೆಂಬ ಖಾತ್ರಿ ಇಲ್ಲ. ಎಲ್ಲರೂ ಅಲ್ಲಿ ಸೇರಿ ಎಣಿಸಿಕೊಳ್ಳಬೇಕು. ಒಳಗೆ ಯಾರೋ ಉಳಿದಿದ್ದಾರೆಂದು ತಪ್ಪಾಗಿ ಎಣಿಸಿ ಮತ್ತೆ ಒಳಗೆ ಹೋದವರು ಹೊರಬರದೇ ಹೋಗುತ್ತಾರೆ. ಈ ಒಂದು ಜಾಗದ ಒಪ್ಪಂದ ಅದನ್ನು ತಪ್ಪಿಸುತ್ತದೆ.

ಉಳಿದದ್ದನ್ನು ಬಲ್ಲವರು ಸೇರಿಸಿ. ತಪ್ಪಿದ್ದರೆ ತಿದ್ದಿ.

ಮಾಳಿಗೆ:

ಅಲಾರಂ ವಿಷಯ ನಾನು ಬರೆಯುತ್ತೇನೆ.

"ಹೊಗೆ ವಾಸನೆ ಬಂದರೆ ಎಚ್ಚರವಾಗುತ್ತದೆ" ಎಂಬ ನಂಬಿಕೆ ಅಪಾಯಕಾರಿ. ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದು ಬಹಳ ಕಡಿಮೆ. ಮೇಲಾಗಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ, ಅದು ಮಲಗಿದವರನ್ನು ಇನ್ನೂ ಆಳಕ್ಕೆ ಒಯ್ಯುತ್ತದೆ. ಕಿವಿ ಮಾತ್ರ ಎಬ್ಬಿಸಬಲ್ಲದು.

ಎಲ್ಲಿ ಹಾಕಬೇಕು: ಪ್ರತಿ ಮಲಗುವ ಕೋಣೆಯ ಒಳಗೆ ಒಂದು, ಮಲಗುವ ಕೋಣೆಗಳ ಹೊರಗೆ, ಮನೆಯೊಳಗಿನ ಓಣಿಯಲ್ಲಿ (ಪ್ಯಾಸೇಜ್) ಒಂದು, ಪ್ರತಿ ಮಹಡಿಗೆ ಕನಿಷ್ಠ ಒಂದು. ಚಾವಣಿಯ ಮಧ್ಯಭಾಗ ಒಳ್ಳೆಯದು. ಗೋಡೆಯಿಂದಲೂ ದೀಪದಿಂದಲೂ 30 ಸೆಂಟಿಮೀಟರ್ ದೂರ ಬಿಡಿ. ಗೋಡೆಗೇ ಹಾಕಬೇಕಾದರೆ ಚಾವಣಿಯಿಂದ 10ರಿಂದ 30 ಸೆಂಟಿಮೀಟರ್ ಕೆಳಗೆ. ಗೋಡೆಯೂ ಚಾವಣಿಯೂ ಕೂಡುವ ಮೂಲೆಯಲ್ಲಿ ಗಾಳಿ ಕದಲುವುದಿಲ್ಲ, ಹೊಗೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಫ್ಯಾನ್, ಎಸಿ ಗಾಳಿ ನೇರವಾಗಿ ಬೀಸುವ ಕಡೆ ಹಾಕಬೇಡಿ, ಹೊಗೆ ಚದುರಿಹೋಗುತ್ತದೆ. ಒಲೆಯಿಂದ ಕನಿಷ್ಠ 3 ಮೀಟರ್ ದೂರವಿರಲಿ. ಒಗ್ಗರಣೆಯ ಹೊಗೆಗೆಲ್ಲ ಕೂಗುವ ಅಲಾರಮಿನ ಬ್ಯಾಟರಿಯನ್ನು ಯಾರೋ ಒಬ್ಬರು ಕಿತ್ತು ಇಟ್ಟೇ ಇಡುತ್ತಾರೆ, ಆಮೇಲೆ ಅದು ಗೋಡೆಗೆ ಹಾಕಿದ ಬಿಲ್ಲೆಯಷ್ಟೇ. ಅಡುಗೆಮನೆಯ ಒಳಗೆ ಬೇಕೆಂದರೆ ಹೊಗೆಗಲ್ಲ, ಶಾಖಕ್ಕೆ ಕೂಗುವ ಅಲಾರಂ ಸಿಗುತ್ತದೆ. ಅದು ಸುಮಾರು 58 ಡಿಗ್ರಿ ಸೆಲ್ಸಿಯಸ್‌ಗೆ ಎಚ್ಚರಿಸುತ್ತದೆ. ಅದನ್ನು ಮಲಗುವ ಕೋಣೆಯಲ್ಲಿ ಹಾಕಿದರೆ ಪ್ರಯೋಜನವಿಲ್ಲ, ಅಷ್ಟು ಬಿಸಿಯಾಗುವ ಹೊತ್ತಿಗೆ ಹೊಗೆ ತನ್ನ ಕೆಲಸ ಮುಗಿಸಿರುತ್ತದೆ.

ಬಗೆ: ಅಯಾನೀಕರಣದ್ದು, ಬೆಳಕಿನದ್ದು (ಫೋಟೋಎಲೆಕ್ಟ್ರಿಕ್) ಎಂದು ಎರಡು. ಸೋಫಾ, ಹಾಸಿಗೆಯೊಳಗೆ ಗಂಟೆಗಟ್ಟಲೆ ಕಮರಿ ಹೊಗೆಯಾಡುವ ಬೆಂಕಿಗೆ ಬೆಳಕಿನದ್ದು ಬೇಗ ಕೂಗುತ್ತದೆ. ರಾತ್ರಿಯ ಅಪಾಯ ಹೆಚ್ಚಾಗಿ ಆ ಬಗೆಯದೇ, ಆದ್ದರಿಂದ ಒಂದೇ ಬಗೆ ಕೊಳ್ಳುವುದಾದರೆ ಬೆಳಕಿನದ್ದನ್ನೇ ಕೊಳ್ಳಿ. ಒಂದಕ್ಕೊಂದು ಜೋಡಣೆಯಾಗುವ ಅಲಾರಂಗಳಿಗೆ ಕೊಂಚ ಹೆಚ್ಚು ಖರ್ಚು ಮಾಡಿದರೂ ಸಾರ್ಥಕ: ಕೆಳಮಹಡಿಯಲ್ಲಿ ಹೊಗೆ ಕಂಡರೆ ಮೇಲಿನ ಕೋಣೆಯದ್ದೂ ಕೂಗುತ್ತದೆ.

ನಿರ್ವಹಣೆ: ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ. ವರ್ಷಕ್ಕೆರಡು ಸಲ ಧೂಳು ಹೀರಿ ತೆಗೆಯಿರಿ. ಅರ್ಧ ನಿಮಿಷಕ್ಕೋ ನಿಮಿಷಕ್ಕೋ ಒಮ್ಮೆ "ಚಿಕ್" ಎಂದರೆ ಬ್ಯಾಟರಿ ಮುಗಿಯುತ್ತಿದೆ. ಹೊಸ ಬ್ಯಾಟರಿ ಹಾಕಿದರೂ ಹಾಗೇ ಮುಂದುವರಿದರೆ ಅಲಾರಮಿನ ಆಯುಸ್ಸೇ ಮುಗಿದಿರಬಹುದು. ಹಿಂಬದಿಯಲ್ಲಿ ತಯಾರಾದ ದಿನಾಂಕ ಇರುತ್ತದೆ, ಅಲ್ಲಿಂದ 10 ವರ್ಷ. ಕೊಂಡ ದಿನದಿಂದ ಎಣಿಸಬೇಡಿ. ಮನೆಗೆ ಬಣ್ಣ ಬಳಿಯುವಾಗ ಅದರ ಮೇಲೂ ಬಳಿದುಬಿಟ್ಟರೆ ರಂಧ್ರ ಮುಚ್ಚಿಹೋಗುತ್ತದೆ, ಬದಲಿಸುವುದೊಂದೇ ದಾರಿ.

ಎರಡು_ಮಕ್ಕಳ_ಮನೆ:

ಮಕ್ಕಳು ಅಲಾರಂ ಸದ್ದಿಗೆ ಏಳುತ್ತಾರಾ? ಎಂಟು ವರ್ಷದವರು, ಹತ್ತು ವರ್ಷದವರು?

ಮಾಳಿಗೆ:

ಏಳುತ್ತಾರೆಂದು ನಂಬಿ ಯೋಜನೆ ಮಾಡಬೇಡಿ. ಸಾಮಾನ್ಯ ಅಲಾರಂ ಕೀಚಲು ದನಿಯದು, ಸುಮಾರು 3,000 ಹರ್ಟ್ಸ್. ಮಕ್ಕಳ ಗಾಢ ನಿದ್ದೆಯನ್ನು ಆ ದನಿ ಎಷ್ಟೋ ಸಲ ಮುರಿಯುವುದಿಲ್ಲ. 520 ಹರ್ಟ್ಸ್‌ನ ತಗ್ಗು ದನಿಯ ಅಲಾರಂ ಅದಕ್ಕಿಂತ ಚೆನ್ನಾಗಿ ಎಬ್ಬಿಸುತ್ತದೆ, ಕಿವಿ ಮಂದವಾದ ಹಿರಿಯರಿಗೂ ಅದೇ ವಾಸಿ. ಅದು ಸಿಕ್ಕರೂ ಸಿಗದಿದ್ದರೂ ಯೋಜನೆಯಲ್ಲಿ ಒಂದು ಸಾಲು ಇರಲೇಬೇಕು: ಯಾವ ದೊಡ್ಡವರು ಯಾವ ಮಗುವನ್ನು ಕರೆತರುತ್ತಾರೆ ಎಂದು ಹೆಸರು ಹಿಡಿದು. "ಇಬ್ಬರಲ್ಲಿ ಯಾರಾದರೂ" ಎಂದು ಬಿಟ್ಟರೆ ಇಬ್ಬರೂ ಒಂದೇ ಮಗುವಿನ ಕೋಣೆಗೆ ಓಡುತ್ತಾರೆ.

ಹಗಲುದೀಪ:

ಮಕ್ಕಳ ಬಗ್ಗೆ ಇನ್ನೊಂದು. ಹೆದರಿದ ಮಗು ಓಡುವುದಿಲ್ಲ, ಅಡಗುತ್ತದೆ. ಮಂಚದ ಕೆಳಗೆ, ಬೀರುವಿನೊಳಗೆ, ಹೊದಿಕೆಯ ಒಳಗೆ. ಹೊಗೆಯಲ್ಲಿ ಹುಡುಕುವವರಿಗೆ ಅಲ್ಲಿ ಸಿಗುವುದು ಕಷ್ಟ. "ಬೆಂಕಿ ಬಂದರೆ ಅಡಗಬಾರದು, ಯಾರೂ ಬಯ್ಯುವುದಿಲ್ಲ" ಎಂದು ಬಿಡಿಸಿ ಹೇಳಬೇಕು. ಬೆಂಕಿಕಡ್ಡಿ ಗೀಚಿ ತಾನೇ ಹಚ್ಚಿಬಿಟ್ಟೆನೆಂದು ಗೊತ್ತಿರುವ ಮಗುವಿಗೆ ಬೆಂಕಿಗಿಂತ ಬೈಗುಳದ ಭಯ ಹೆಚ್ಚು. ಮುಖವಾಡ, ಹೆಲ್ಮೆಟ್, ಉಸಿರಾಟದ ಸಾಧನದ ಬುಸುಗುಡುವ ಸದ್ದು ಇರುವ ಅಗ್ನಿಶಾಮಕ ಸಿಬ್ಬಂದಿಯ ಚಿತ್ರವನ್ನೋ ವೀಡಿಯೋವನ್ನೋ ಮೊದಲೇ ತೋರಿಸಿಡಿ. ಕತ್ತಲಲ್ಲಿ ಆ ರೂಪ ಕಂಡರೆ ಮಗು ಇನ್ನೂ ಒಳಗೆ ಸರಿಯುತ್ತದೆ.

ವಿಳಾಸ ಬಾಯಿಪಾಠ ಮಾಡಿಸಿ: ಮನೆ ಸಂಖ್ಯೆ, ರಸ್ತೆ, ಮಹಡಿ, ಹತ್ತಿರದ ಗುರುತು. ಅಗ್ನಿಶಾಮಕ ದಳಕ್ಕೆ ಕರೆ ಮಾಡುವುದು ಹೊರಗೆ ಬಂದ ಮೇಲೆ. ಏನು ಉರಿಯುತ್ತಿದೆ, ಒಳಗೆ ಯಾರಾದರೂ ಇದ್ದಾರೆಯೇ, ಇದ್ದರೆ ಯಾವ ಕೋಣೆ ಎಂದು ಹೇಳಿ. ಆ ಕಡೆಯವರು ಇಡುವ ತನಕ ಫೋನ್ ಇಡಬೇಡಿ.

ಎರಡು_ಮಕ್ಕಳ_ಮನೆ:

ಮಕ್ಕಳ ಕೋಣೆಯ ಬಾಗಿಲು ರಾತ್ರಿ ತೆರೆದಿಡುವುದೇ ವಾಸಿ ಅಲ್ಲವೇ? ಕೂಗಿದರೆ ಕೇಳುತ್ತದೆ.

ನೀರುಕೊಳವೆ:

ಮುಚ್ಚಿಡಿ. ಈ ಚರ್ಚೆಯಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಾಮೂಲಿ ಮರದ ಬಾಗಿಲು ಮುಚ್ಚಿದ್ದರೂ ಸಾಕು, ಹೊರಗೆ ಕೋಣೆ ಧಗಧಗಿಸುವಾಗ ಒಳಗೆ ಹಲವು ನಿಮಿಷ ಉಸಿರಾಡುವಂಥ ಗಾಳಿ ಉಳಿಯುತ್ತದೆ. ತೆರೆದ ಬಾಗಿಲಿನ ಕೋಣೆಯಲ್ಲಿ ಹೊಗೆ ಚಾವಣಿಯಿಂದ ಇಳಿದು ಮಂಚದ ಮಟ್ಟಕ್ಕೆ ಬರಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಬಾಗಿಲು ಎರಡು ಕೆಲಸ ಮಾಡುತ್ತದೆ, ಹೊಗೆ ಒಳಗೆ ಬಾರದಂತೆ ತಡೆಯುತ್ತದೆ, ಬೆಂಕಿಗೆ ಗಾಳಿ ಸಿಗದಂತೆಯೂ ತಡೆಯುತ್ತದೆ.

ನಿಮ್ಮ ಅಳುಕು ಸರಿಯಾದದ್ದೇ: ಮುಚ್ಚಿದ ಬಾಗಿಲು ಅಲಾರಮಿನ ಸದ್ದನ್ನೂ ತಗ್ಗಿಸುತ್ತದೆ. ಅದಕ್ಕೇ ಮಾಳಿಗೆಯವರು ಕೋಣೆಯ ಒಳಗೂ ಒಂದು ಎಂದದ್ದು. ಒಳಗೆ ಅಲಾರಂ, ಒಂದಕ್ಕೊಂದು ಜೋಡಣೆ, ಮುಚ್ಚಿದ ಬಾಗಿಲು, ಈ ಮೂರೂ ಒಟ್ಟಿಗೆ. ಹಸುಗೂಸಿದ್ದರೆ ಕೂಗು ಕೇಳಿಸುವ ಬೇಬಿ ಮಾನಿಟರ್ ಇಟ್ಟು ಬಾಗಿಲು ಮುಚ್ಚಿ.

ಹೊರಗೆ ಓಡುವಾಗಲೂ ದಾಟಿದ ಪ್ರತಿ ಬಾಗಿಲನ್ನೂ ಎಳೆದು ಮುಚ್ಚುತ್ತಾ ಹೋಗಿ. ಬೀಗ ಬೇಡ, ಮುಚ್ಚಿದರೆ ಸಾಕು.

ಎದ್ದಾಗ ಬಾಗಿಲು ತೆರೆಯುವ ಮೊದಲು: ಅಂಗೈಯ ಹಿಂಬದಿಯಿಂದ ಬಾಗಿಲ ಮೇಲ್ಭಾಗ, ಆಮೇಲೆ ಹಿಡಿ, ಆಮೇಲೆ ಚೌಕಟ್ಟಿನ ಸಂದು ಮುಟ್ಟಿ. ಹಿಂಬದಿಯೇ ಏಕೆಂದರೆ ಅಲ್ಲಿ ಶಾಖ ಬೇಗ ಗೊತ್ತಾಗುತ್ತದೆ, ಸುಟ್ಟುಕೊಂಡರೂ ತೆವಳಲು ಅಂಗೈ ಉಳಿಯುತ್ತದೆ. ಬಿಸಿಯಿದ್ದರೆ ತೆರೆಯಬೇಡಿ, ಎರಡನೇ ದಾರಿ ಹಿಡಿಯಿರಿ. ತಣ್ಣಗಿದ್ದರೆ ಭುಜ ಆನಿಸಿ ಒಂದು ಬೆರಳಗಲ ತೆರೆದು ನೋಡಿ, ಹೊಗೆ ನುಗ್ಗಿದರೆ ತಕ್ಷಣ ಮುಚ್ಚಿ. ಹೊಗೆಯಲ್ಲಿ ಸಾಗಲೇಬೇಕಾದರೆ ಅಂಬೆಗಾಲಿಟ್ಟು, ಒಂದು ಕೈ ಗೋಡೆಗೆ ತಾಗಿಸಿಕೊಂಡು. ನೆಲದ ಹತ್ತಿರದ ಗಾಳಿ ತಂಪು, ಹೊಗೆಯೂ ತೆಳು. ಎದ್ದು ನಿಂತು ಒಂದೆರಡು ಉಸಿರು ಎಳೆದುಕೊಂಡರೂ ತಲೆ ತಿರುಗಿ ದಿಕ್ಕು ತಪ್ಪುತ್ತದೆ.

ಕೀಲಿಕೈ:

ಎರಡನೇ ದಾರಿ ಎಂದು ಕಿಟಕಿ ತೋರಿಸುತ್ತೀರಿ, ಆದರೆ ಎಷ್ಟೋ ಮನೆಗಳ ಕಿಟಕಿಗೆ ಸರಳು ಬೆಸುಗೆ ಹಾಕಿರುತ್ತದೆ. ಕಳ್ಳರಿಗೆ ಹಾಕಿದ ಸರಳು ಒಳಗಿದ್ದವರಿಗೆ ಪಂಜರವಾಗುತ್ತದೆ. ಪ್ರತಿ ಮಲಗುವ ಕೋಣೆಯಲ್ಲಿ ಕನಿಷ್ಠ ಒಂದು ಕಿಟಕಿಗೆ ಕೀಲು ಇಟ್ಟು ಹೊರಕ್ಕೆ ತೆರೆಯುವ ಗ್ರಿಲ್ ಮಾಡಿಸಿ. ಒಳಗಿನಿಂದ ಬೀಗದ ಕೈ ಇಲ್ಲದೆ ಬಿಡಿಸುವ ಚಿಲಕ ಇರಲಿ. ಕಿಟಕಿಯ ಮೂಲಕ ಕೈ ಹಾಕಿದರೂ ಚಿಲಕ ಎಟುಕದಂತೆ ಅದರ ಸುತ್ತ ಒಂದು ತಗಡಿನ ಮರೆ ಬೆಸೆಸಿದರೆ ಕಳ್ಳರ ಚಿಂತೆಯೂ ತೀರುತ್ತದೆ. ತೆರೆದಾಗ ದೊಡ್ಡವರ ಭುಜ ನುಸುಳುವಷ್ಟು ಜಾಗ ಬೇಕು: ಅಗಲವೂ ಎತ್ತರವೂ 45 ಸೆಂಟಿಮೀಟರ್‌ಗಿಂತ ಕಡಿಮೆ ಆಗದಿರಲಿ, 60 ಇದ್ದರೆ ಇನ್ನೂ ಒಳ್ಳೆಯದು. ಮೂರು ತಿಂಗಳಿಗೊಮ್ಮೆ ಗ್ರಿಲ್ಲಿನ ಕೀಲುಗಳಿಗೂ ಚಿಲಕಕ್ಕೂ ಎಣ್ಣೆ ಬಿಟ್ಟು ತೆರೆದು ನೋಡಿ, ತುಕ್ಕು ಹಿಡಿದ ಚಿಲಕ ಅವಸರಕ್ಕೆ ಜಗ್ಗುವುದಿಲ್ಲ.

ಮುಖ್ಯ ಬಾಗಿಲಿಗೆ ಎರಡೂ ಕಡೆ ಬೀಗದ ಕೈ ಬೇಕಾಗುವ ಬೀಗ ಹಾಕಿಸಬೇಡಿ. ಈಗಾಗಲೇ ಇದ್ದರೆ ಒಳಬದಿಗೆ ಕೈಯಿಂದಲೇ ತಿರುಗಿಸುವ ಹಿಡಿ ಇರುವ ಬೀಗಕ್ಕೆ ಬದಲಿಸಿ. ಬದಲಿಸುವ ತನಕ ಕೀಲಿಕೈ ಬಾಗಿಲ ಪಕ್ಕದಲ್ಲಿ, ಮಕ್ಕಳಿಗೂ ಎಟುಕುವ ಎತ್ತರದಲ್ಲಿ, ಒಂದೇ ಮೊಳೆಗೆ ತೂಗುತ್ತಿರಲಿ. ರಾತ್ರಿ ಹೊರಗೇಟಿಗೂ ಬೀಗ ಹಾಕುವವರು ಆ ಕೀಲಿಯನ್ನೂ ಅದೇ ಗೊಂಚಲಿಗೆ ಸೇರಿಸಿ. ಮನೆಬಾಗಿಲು ದಾಟಿ ಗೇಟಿನ ಬಳಿ ಸಿಕ್ಕಿಕೊಳ್ಳುವುದೂ ಉಂಟು.

ತಂತಿಕೆಲಸ:

ಬೆಂಕಿ ಹತ್ತದ ಹಾಗೆ ನೋಡಿಕೊಳ್ಳುವುದರ ಬಗ್ಗೆಯೂ ಬರಲಿ. ವೈರಿಂಗಿನಿಂದ ಬರುವ ಬೆಂಕಿಗೆ "ಶಾರ್ಟ್ ಸರ್ಕ್ಯೂಟ್" ಎಂದು ಒಂದೇ ಹೆಸರು ಇಟ್ಟುಬಿಡುತ್ತಾರೆ. ನಿಜವಾದ ಶಾರ್ಟ್ ಆದರೆ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಕಡಿಯುವ ಸ್ವಿಚ್) ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ. ಸದ್ದಿಲ್ಲದೆ ಮನೆ ಸುಡುವುದು ಸಡಿಲ ಕೂಡಿಕೆ.

ಲೆಕ್ಕ ನೋಡಿ. ಸಾಕೆಟ್ಟಿನ ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿದೆ ಅನ್ನೋಣ. 10 ಆಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ 10 × 10 × 0.5, ಅಂದರೆ 50 ವ್ಯಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಬೆಸುಗೆಯ ಸಲಾಕೆಯಷ್ಟು ಕಾವು. ಎಂಸಿಬಿಗೆ ಇದು ಕಾಣುವುದೇ ಇಲ್ಲ, ಏಕೆಂದರೆ ಕರೆಂಟು ಹೆಚ್ಚಾಗಿಲ್ಲ. ಪ್ಲಾಸ್ಟಿಕ್ ಕರಗಿ, ಕರಿದಾಗಿ, ಕೊನೆಗೆ ಹತ್ತಿಕೊಳ್ಳುತ್ತದೆ.

ಮುನ್ಸೂಚನೆಗಳು ಇವು: ಸ್ವಿಚ್ ಫಲಕ ಮುಟ್ಟಿದರೆ ಬೆಚ್ಚಗಿರುವುದು, ಸಾಕೆಟ್ ತೂತಿನ ಸುತ್ತ ಕಂದು ಬಣ್ಣ, ಯಾರೂ ಏನೂ ಬೇಯಿಸದಿದ್ದರೂ ಮೀನಿನಂಥ ಅಥವಾ ಸುಟ್ಟ ಪ್ಲಾಸ್ಟಿಕ್‌ನಂಥ ವಾಸನೆ, ಚಿರ್ ಚಿರ್ ಸದ್ದು, ಒಂದೇ ಕೋಣೆಯ ದೀಪ ಮಿನುಗುವುದು. ಇವುಗಳಲ್ಲಿ ಒಂದು ಕಂಡರೂ ಆ ಸಾಲಿನ ಎಂಸಿಬಿ ಇಳಿಸಿ, ಎಲೆಕ್ಟ್ರಿಶಿಯನ್ ನೋಡುವ ತನಕ ಏರಿಸಬೇಡಿ.

ಎಕ್ಸ್‌ಟೆನ್ಷನ್ ಬೋರ್ಡ್: ವ್ಯಾಟ್ ಅನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 230 ವೋಲ್ಟಿನಲ್ಲಿ 2,000 ವ್ಯಾಟ್ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಬೋರ್ಡಿನ ಮೇಲೆ 6 ಆಂಪಿಯರ್ ಎಂದು ಬರೆದಿದ್ದು, ಗೋಡೆಯ ಸಾಲಿಗೆ 16 ಆಂಪಿಯರ್ ಎಂಸಿಬಿ ಇದ್ದರೆ? ಎಂಸಿಬಿ ನೆಮ್ಮದಿಯಾಗಿರುತ್ತದೆ, ಬೋರ್ಡಿನ ತಂತಿ ಬೇಯುತ್ತದೆ. ಹೀಟರ್, ಇಸ್ತ್ರಿಪೆಟ್ಟಿಗೆ, ಗೀಸರ್, ಓವನ್, ಎಸಿ ಇವೆಲ್ಲ ನೇರ ಗೋಡೆಯ ಸಾಕೆಟ್ಟಿಗೇ. ಸುತ್ತಿಟ್ಟ ತಂತಿಯಲ್ಲಿ ಶಾಖ ಹೊರಹೋಗುವುದಿಲ್ಲ, ಆದ್ದರಿಂದ ರೀಲಿನ ತಂತಿಯನ್ನು ಪೂರ್ತಿ ಬಿಚ್ಚಿ ಬಳಸಿ. ಜಮಖಾನೆಯ ಕೆಳಗೆ ತಂತಿ ಹಾಯಿಸಬೇಡಿ. ಎಂಸಿಬಿ ಪದೇಪದೇ ಬೀಳುತ್ತದೆಂದು ಹೆಚ್ಚು ಆಂಪಿಯರ್‌ನದು ಹಾಕಿಸುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಆಗ ಗೋಡೆಯೊಳಗಿನ ತಂತಿಯೇ ಫ್ಯೂಸ್ ಆಗುತ್ತದೆ.

ಕೀಲಿಕೈ:

ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಬೆಂಕಿಯ ಭಯವಿಲ್ಲ ಎನ್ನುತ್ತಾರಲ್ಲ?

ತಂತಿಕೆಲಸ:

ಅರ್ಧ ಸರಿ. 30 ಮಿಲಿಆಂಪಿಯರ್‌ನದು ಮುಖ್ಯವಾಗಿ ಮನುಷ್ಯರಿಗೆ ಶಾಕ್ ತಗಲಿದಾಗ ಕಡಿಯಲು. ತಂತಿಯಿಂದ ನೆಲಕ್ಕೆ ಸೋರುವ ಕರೆಂಟಿನಿಂದ ಹುಟ್ಟುವ ಬೆಂಕಿಯನ್ನೂ ಅದು ತಪ್ಪಿಸುತ್ತದೆ. ಬೆಂಕಿಯ ಕಾವಲಿಗೆಂದೇ ಮುಖ್ಯ ಸಾಲಿಗೆ 300 ಮಿಲಿಆಂಪಿಯರ್‌ನದು ಹಾಕುವುದೂ ಉಂಟು. ಆದರೆ ನಾನು ಹೇಳಿದ ಸಡಿಲ ಕೂಡಿಕೆಯಲ್ಲಿ ಹೋದಷ್ಟೇ ಕರೆಂಟು ವಾಪಸು ಬರುತ್ತದೆ, ಸೋರಿಕೆ ಇಲ್ಲ, ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಕಿಡಿ ಹಾರುವುದನ್ನು ಗುರುತಿಸುವ ಸಾಧನ ಬೇರೆಯೇ ಇದೆ, ಎಎಫ್‌ಡಿಡಿ ಎನ್ನುತ್ತಾರೆ. ಅದು ಇಲ್ಲದಿದ್ದರೆ ಕೆಲವು ವರ್ಷಗಳಿಗೊಮ್ಮೆ ಎಲ್ಲ ಸ್ಕ್ರೂಗಳನ್ನು ಬಿಗಿ ಮಾಡಿಸುವುದೇ ಪರಿಹಾರ. ಆರ್‌ಸಿಸಿಬಿಯ "ಟಿ" ಗುಂಡಿಯನ್ನು ಆಗಾಗ ಒತ್ತಿ ನೋಡಿ, ಬೀಳದಿದ್ದರೆ ಬದಲಿಸಿ.

ಒಲೆಕಟ್ಟೆ:

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದೆಂದು ಎಲ್ಲರಿಗೂ ಗೊತ್ತು. ಆದರೂ ಆ ಕ್ಷಣದಲ್ಲಿ ಕೈ ನಲ್ಲಿಯ ಕಡೆಗೇ ಹೋಗುತ್ತದೆ. ಕಾರಣ ತಿಳಿದಿದ್ದರೆ ಕೈ ತಡೆಯುತ್ತದೆ: ನೀರು ಎಣ್ಣೆಗಿಂತ ಭಾರ, ತಳಕ್ಕಿಳಿಯುತ್ತದೆ. ಉರಿಯುವ ಎಣ್ಣೆ 300 ಡಿಗ್ರಿಗೂ ಮೇಲಿರುತ್ತದೆ. ನೀರು ಅಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗಿ ಮೇಲಿನ ಎಣ್ಣೆಯನ್ನು ಹನಿಹನಿಯಾಗಿ ಗಾಳಿಗೆ ಎಸೆಯುತ್ತದೆ. ಪ್ರತಿ ಹನಿಯೂ ಉರಿಯುತ್ತದೆ. ಚಾವಣಿ ಮುಟ್ಟುವ ಬೆಂಕಿಯ ಕಂಬ ಏಳುವುದು ಹೀಗೆ.

ಮಾಡಬೇಕಾದ್ದು ಇಷ್ಟು. ಒಲೆ ಆರಿಸಿ, ಕೈಗೆ ಸುರಕ್ಷಿತವಾಗಿ ಎಟುಕಿದರೆ ಮಾತ್ರ. ಬಾಣಲೆಗಿಂತ ದೊಡ್ಡದಾದ ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ. ಮೇಲಿನಿಂದ ಇಳಿಸಿದರೆ ಕೈ ಬೆಂಕಿಯ ಮೇಲಿರುತ್ತದೆ. ಆಮೇಲೆ ಅರ್ಧ ಗಂಟೆ ಮುಟ್ಟಬೇಡಿ. ಆರಿತೇ ಎಂದು ಎರಡು ನಿಮಿಷಕ್ಕೇ ಮುಚ್ಚಳ ಎತ್ತಿ ನೋಡಿದರೆ ಗಾಳಿ ಸಿಕ್ಕು ಮತ್ತೆ ಹತ್ತುತ್ತದೆ. ಬಾಣಲೆಯನ್ನು ಹೊರಗೆ ಒಯ್ಯಲು ಹೋಗಲೇಬೇಡಿ, ಘೋರ ಸುಟ್ಟಗಾಯಗಳು ಆಗುವುದು ಆ ಹತ್ತು ಹೆಜ್ಜೆಗಳಲ್ಲಿ. ಹಿಟ್ಟು ಎರಚಬೇಡಿ, ಗಾಳಿಯಲ್ಲಿ ಹಾರಿದ ಹಿಟ್ಟಿನ ಪುಡಿ ತಾನೇ ಉರಿಯುತ್ತದೆ. ಕರಿಯುವಾಗ ಮುಚ್ಚಳ ಒಲೆಯ ಪಕ್ಕದಲ್ಲೇ ಇರಲಿ, ಬೆಂಕಿ ಹತ್ತಿದ ಮೇಲೆ ಕಪಾಟು ತೆರೆದು ಹುಡುಕುವಂತಾಗಬಾರದು.

ಎಣ್ಣೆ ಹೊತ್ತಿಕೊಳ್ಳುವ ಮೊದಲು ಹೊಗೆಯಾಡುತ್ತದೆ. ಹೊಗೆ ಕಂಡ ತಕ್ಷಣ ಉರಿ ಆರಿಸಿದರೆ ಇದ್ಯಾವುದೂ ಬೇಕಿಲ್ಲ. ಒಲೆಯ ಮೇಲೆ ಎಣ್ಣೆ ಇಟ್ಟು ಫೋನಿಗೆ ಹೋಗಬಾರದು ಎನ್ನುವುದು ಅದಕ್ಕೇ.

ನೀರುಕೊಳವೆ:

ಗ್ಯಾಸ್ ಸೋರಿಕೆ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಹಗುರ, ಚಾವಣಿಗೆ ಏರುತ್ತದೆ. ಸೋರಿಕೆ ಪತ್ತೆ ಮಾಡುವ ಅಲಾರಂ ಹಾಕಿಸುವವರು ಇದನ್ನು ಮರೆತು ಎಲ್ಲಕ್ಕೂ ಒಂದೇ ಎತ್ತರ ಇಡುತ್ತಾರೆ. ಎಲ್‌ಪಿಜಿಗೆ ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ನೈಸರ್ಗಿಕ ಅನಿಲಕ್ಕೆ ಚಾವಣಿಯಿಂದ ಸುಮಾರು 30 ಸೆಂಟಿಮೀಟರ್ ಕೆಳಗೆ.

ಎಲ್‌ಪಿಜಿ ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ವಾಸನೆ ಬಂದರೆ ಸ್ವಿಚ್ ಹಾಕಬೇಡಿ, ಇರುವ ಸ್ವಿಚ್ ಆರಿಸಲೂ ಬೇಡಿ. ಎರಡರಲ್ಲೂ ಕಿಡಿ ಹುಟ್ಟುತ್ತದೆ. ಎಕ್ಸಾಸ್ಟ್ ಫ್ಯಾನೂ ಸ್ವಿಚ್ಚೇ, ಕರೆಗಂಟೆಯೂ ಸ್ವಿಚ್ಚೇ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆಯಿರಿ, ಎಲ್ಲರನ್ನೂ ಹೊರಗೆ ಕರೆದೊಯ್ಯಿರಿ, ಫೋನ್ ಹೊರಗಿನಿಂದ ಮಾಡಿ. ಕೂಡಿಕೆಯಲ್ಲಿ ಸೋರಿಕೆ ಇದೆಯೇ ಎಂದು ನೋಡಲು ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀಚಿ ನೋಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಿಸಿ. ರಬ್ಬರ್ ಕೊಳವೆಯ ಮೇಲೆ ಬಾಳಿಕೆಯ ವರ್ಷ ಅಚ್ಚಾಗಿರುತ್ತದೆ. ವರ್ಷ ಮೀರದಿದ್ದರೂ ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ. ಸಿಲಿಂಡರ್ ನೆಟ್ಟಗೇ ಇರಬೇಕು, ಮಲಗಿಸಿದರೆ ಅನಿಲದ ಬದಲು ದ್ರವವೇ ಹೊರಬರುತ್ತದೆ.

ಸೋರುವ ಅನಿಲಕ್ಕೆ ಆಗಲೇ ಬೆಂಕಿ ಹತ್ತಿದ್ದರೆ? ರೆಗ್ಯುಲೇಟರ್ ಮುಚ್ಚಲು ಸಾಧ್ಯವಾದರೆ ಮುಚ್ಚಿ, ಜ್ವಾಲೆ ತಾನಾಗಿ ಆರುತ್ತದೆ. ಸಾಧ್ಯವಿಲ್ಲದಿದ್ದರೆ ಜ್ವಾಲೆ ಆರಿಸಬೇಡಿ, ಹೊರಗೆ ನಡೆಯಿರಿ. ಆರಿಸಿದರೆ ಉರಿಯದ ಅನಿಲ ಮನೆ ತುಂಬಿ ಆಮೇಲೆ ಸಿಡಿಯುತ್ತದೆ.

ಮೂರನೇಮಹಡಿ:

ಈಗ ಬೆಂಕಿ ಆರಿಸುವ ಸಿಲಿಂಡರಿನ ಪ್ರಶ್ನೆಗೆ ಬರೋಣ. ಹೊಸ್ತಿಲು ಅವರು ನಾಲ್ಕನೆಯದು ಎಂದರು, ಒಪ್ಪುತ್ತೇನೆ, ಆದರೆ ಅದನ್ನು ಬಿಟ್ಟೇಬಿಡಬಾರದು. ಕಸದಬುಟ್ಟಿಯಷ್ಟಿರುವ ಬೆಂಕಿಯನ್ನು ಮೊದಲ ಅರ್ಧ ನಿಮಿಷದಲ್ಲಿ ಆರಿಸಿದರೆ ಮನೆ ಉಳಿಯುತ್ತದೆ.

ಹೊಸ್ತಿಲು:

ಒಪ್ಪಿದೆ. ಆದರೆ ನಾಲ್ಕು ಷರತ್ತು: ಉಳಿದವರೆಲ್ಲ ಹೊರಟಾಗಿರಬೇಕು, ಬೆಂಕಿ ಸೊಂಟದೆತ್ತರ ಮೀರಿರಬಾರದು, ಕೋಣೆಯಲ್ಲಿ ಹೊಗೆ ತುಂಬಿರಬಾರದು, ಹೊರದಾರಿ ನಿಮ್ಮ ಬೆನ್ನ ಹಿಂದಿರಬೇಕು. ಒಂದು ತಪ್ಪಿದರೂ ಸಿಲಿಂಡರ್ ಅಲ್ಲೇ ಬಿಟ್ಟು ಬಾಗಿಲು ಎಳೆದುಕೊಂಡು ಹೊರಡಿ.

ಮೂರನೇಮಹಡಿ:

ಸರಿ, ಆ ನಾಲ್ಕನ್ನೂ ಸಿಲಿಂಡರಿನ ಪಕ್ಕದಲ್ಲೇ ಅಂಟಿಸಬಹುದು.

ಮನೆಗೆ ಎಬಿಸಿ ಪುಡಿಯ (ಹಲವು ಬಗೆಯ ಬೆಂಕಿಗೆ ಆಗುವ ಒಣಪುಡಿ) 2 ಕಿಲೋದ್ದು ಸಾಕು. 4 ಕಿಲೋ ಇನ್ನೂ ಒಳ್ಳೆಯದು, ಆದರೆ ಮನೆಯಲ್ಲಿ ಎಲ್ಲರೂ ಎತ್ತಬಲ್ಲರೇ ನೋಡಿ. 2 ಕಿಲೋದ್ದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ನಿಮಿಷಗಟ್ಟಲೆ ಬರುತ್ತದೆಂದು ಎಣಿಸಿದವರು ದೂರದಿಂದಲೇ ಹೊಡೆದು ಮುಗಿಸುತ್ತಾರೆ. ಪಿನ್ ಎಳೆಯಿರಿ, ಎರಡು ಮೂರು ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಗುರಿಯಿಡಿ, ಹಿಡಿ ಅದುಮಿ, ಎಡಬಲಕ್ಕೆ ಗುಡಿಸಿದಂತೆ ಆಡಿಸಿ. ಆರಿದ ಮೇಲೂ ಬೆನ್ನು ತಿರುಗಿಸದೆ ಹಿಂದೆ ಸರಿಯಿರಿ. ಆರಿದ್ದು ಮತ್ತೆ ಹತ್ತಬಹುದು.

ಬಾಣಲೆಯ ಎಣ್ಣೆಗೆ ಪುಡಿ ಸರಿಹೋಗುವುದಿಲ್ಲ: ರಭಸಕ್ಕೆ ಎಣ್ಣೆ ಚಿಮ್ಮುತ್ತದೆ, ಪುಡಿ ಎಣ್ಣೆಯನ್ನು ತಣಿಸುವುದೂ ಇಲ್ಲ. ಅಲ್ಲಿ ಒಲೆಕಟ್ಟೆಯವರ ಮುಚ್ಚಳವೇ ಮೇಲು. ಅಕ್ಷರಗಳ ವಿಷಯದಲ್ಲಿ ಒಂದು ಎಚ್ಚರಿಕೆ, "ಸಿ" ಎಂದರೆ ಯುರೋಪಿನ ಪದ್ಧತಿಯಲ್ಲಿ ಅನಿಲದ ಬೆಂಕಿ, ಅಮೆರಿಕದ ಪದ್ಧತಿಯಲ್ಲಿ ವಿದ್ಯುತ್ತಿನ ಬೆಂಕಿ. ಅಕ್ಷರ ನೋಡಿ ತೀರ್ಮಾನಿಸದೆ ಮೈಮೇಲಿನ ಚಿತ್ರ ನೋಡಿ.

ಅಡುಗೆಮನೆಯೊಳಗೆ ಒಲೆಯ ಪಕ್ಕ ತೂಗುಹಾಕಬೇಡಿ, ಬೇಕಾದಾಗ ಬೆಂಕಿ ದಾಟಿ ತೆಗೆಯಬೇಕಾಗುತ್ತದೆ. ಹೊರದಾರಿಯ ಬಾಗಿಲ ಬಳಿ ಇರಲಿ. ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಒಮ್ಮೆ ಸ್ವಲ್ಪ ಬಳಸಿದರೂ ಮರುಭರ್ತಿ ಮಾಡಿಸಬೇಕು, ಕವಾಟದಲ್ಲಿ ಪುಡಿ ಸಿಕ್ಕಿ ಒತ್ತಡ ನಿಧಾನ ಸೋರಿಹೋಗುತ್ತದೆ.

ತಂತಿಕೆಲಸ:

ವಿದ್ಯುತ್ ಸ್ಕೂಟರ್, ಸೈಕಲ್ಲಿನ ಬ್ಯಾಟರಿಗಳ ಮಾತು ಯಾರೂ ಎತ್ತಲಿಲ್ಲ. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾಯಲು ಶುರುವಾದರೆ ಪಕ್ಕದ ಕೋಶಕ್ಕೆ, ಅಲ್ಲಿಂದ ಮುಂದಿನದಕ್ಕೆ ಹಬ್ಬುತ್ತದೆ. ಬುಸ್ ಎಂದು ಬಿಳಿ ಹೊಗೆ ಬಂದ ಮೇಲೆ ಕೆಲವೇ ಸೆಕೆಂಡಿನಲ್ಲಿ ಜ್ವಾಲೆ ಬರಬಹುದು. ಪುಡಿಯ ಸಿಲಿಂಡರ್ ಅದರ ಕಾವು ಇಳಿಸುವುದಿಲ್ಲ. ಆರಿದಂತೆ ಕಂಡದ್ದು ಗಂಟೆಗಳ ನಂತರವೂ ಹತ್ತಬಹುದು. ಆ ಹೊಗೆ ವಿಷ. ಎಲ್ಲ ಬಿಟ್ಟು ಹೊರಡಿ.

ಅಂದಮೇಲೆ ಚಾರ್ಜಿಗೆ ಹಾಕುವ ಜಾಗವೇ ಮುಖ್ಯ. ಮುಖ್ಯ ಬಾಗಿಲ ಬಳಿ, ಮೆಟ್ಟಿಲ ಕೆಳಗೆ, ಓಣಿಯಲ್ಲಿ ಹಾಕಿದರೆ ನೀವು ಹೊರಹೋಗುವ ದಾರಿಯಲ್ಲೇ ಬೆಂಕಿ ಇಟ್ಟಂತೆ. ಎಲ್ಲರೂ ಎಚ್ಚರವಿರುವಾಗ ಚಾರ್ಜ್ ಮಾಡಿ, ಅದರ ಜೊತೆ ಬಂದ ಚಾರ್ಜರನ್ನೇ ಬಳಸಿ, ಉಬ್ಬಿದ, ಬಿದ್ದು ಪೆಟ್ಟಾದ, ನೀರು ಹೊಕ್ಕ ಬ್ಯಾಟರಿಯನ್ನು ಮನೆಯೊಳಗೆ ತರಬೇಡಿ. ಫೋನನ್ನು ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದೂ ಇದೇ ತಪ್ಪು.

ಹಗಲುದೀಪ:

ಎತ್ತರದ ಕಟ್ಟಡದಲ್ಲಿರುವವರು ಏನು ಮಾಡಬೇಕು?

ಮೂರನೇಮಹಡಿ:

ಲಿಫ್ಟ್ ಬೇಡ. ಕರೆಂಟು ಹೋದರೆ ನಡುವೆ ನಿಲ್ಲುತ್ತದೆ, ಲಿಫ್ಟ್ ಓಡಾಡುವ ಬಾವಿಯಂಥ ಜಾಗದೊಳಗೆ ಹೊಗೆ ಚಿಮಣಿಯಂತೆ ಏರುತ್ತದೆ. ಮೆಟ್ಟಿಲ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟಿದ್ದರೆ ಇಂದೇ ತೆಗೆಸಿ, ಆ ಬಾಗಿಲು ಮುಚ್ಚಿದ್ದರೆ ಮಾತ್ರ ಮೆಟ್ಟಿಲು ದಾರಿಯಾಗಿ ಉಳಿಯುತ್ತದೆ. ಮೆಟ್ಟಿಲಲ್ಲೇ ಹೊಗೆ ತುಂಬಿದ್ದರೆ ಇಳಿಯುವ ಸಾಹಸ ಬೇಡ. ಮನೆಗೆ ಮರಳಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿ, ರಸ್ತೆಗೆ ಕಾಣುವ ಕೋಣೆಗೆ ಹೋಗಿ ಆ ಬಾಗಿಲನ್ನೂ ಮುಚ್ಚಿ. ಕಿಟಕಿಯಿಂದ ಬಣ್ಣದ ಬಟ್ಟೆಯನ್ನೋ ಟಾರ್ಚನ್ನೋ ಬೀಸಿ. ಮನೆ ಸಂಖ್ಯೆ, ಮಹಡಿ, ಯಾವ ಕೋಣೆ ಎಂದು ಫೋನಿನಲ್ಲಿ ಹೇಳಿ. ಹೊರಗಿನ ಹೊಗೆ ಒಳಬಂದರೆ ಕಿಟಕಿ ಮತ್ತೆ ಮುಚ್ಚಬೇಕಾಗುತ್ತದೆ, ಆದ್ದರಿಂದ ಗಾಜು ಒಡೆಯಬೇಡಿ.

ಶುಶ್ರೂಷೆ:

ಎರಡು ವಿಷಯ ಸೇರಿಸುತ್ತೇನೆ.

ಹಿರಿಯರು, ನಡೆಯಲಾಗದವರು: ಹೊರಬಾಗಿಲಿಗೆ ಹತ್ತಿರದ ಕೋಣೆ, ಸಾಧ್ಯವಾದರೆ ನೆಲಮಹಡಿ. ಕನ್ನಡಕ, ಊರುಗೋಲು, ಕಿವಿಯ ಯಂತ್ರ, ಟಾರ್ಚು, ಫೋನು ಮಂಚದಲ್ಲಿ ಮಲಗಿದಂತೆಯೇ ಕೈಗೆಟುಕುವಲ್ಲಿ. ಕಿವಿ ಕೇಳದವರಿಗೆ ಬೆಳಕು ಮಿನುಗಿಸುವ, ದಿಂಬಿನ ಕೆಳಗೆ ನಡುಗುವ ತಟ್ಟೆ ಇರುವ ಅಲಾರಂಗಳಿವೆ. ಎತ್ತಲಾಗದವರನ್ನು ಗಟ್ಟಿ ಹೊದಿಕೆಯ ಮೇಲೆ ಮಲಗಿಸಿ ತಲೆಯ ಕಡೆಯಿಂದ ಎಳೆಯಬಹುದು. ಒಬ್ಬರೇ ಎಳೆಯಲು ಸಾಧ್ಯವೇ ಎಂದು ಅಭ್ಯಾಸದಲ್ಲಿ ನೋಡಿಕೊಳ್ಳಿ. ಆಮ್ಲಜನಕದ ಯಂತ್ರ ಬಳಸುವ ಕೋಣೆಯಲ್ಲಿ ಬೀಡಿ, ಸಿಗರೇಟು, ದೀಪ, ಮೇಣದಬತ್ತಿ ಯಾವುದೂ ಬೇಡ. ಹಾಸಿಗೆ, ಕೂದಲು, ಬಟ್ಟೆಗಳಲ್ಲಿ ಆಮ್ಲಜನಕ ಸೇರಿಕೊಂಡಿರುತ್ತದೆ, ಮಾಮೂಲಿಗಿಂತ ಎಷ್ಟೋ ರಭಸದಿಂದ ಹತ್ತಿಕೊಳ್ಳುತ್ತವೆ.

ಬಟ್ಟೆಗೆ ಬೆಂಕಿ ತಗಲಿದರೆ ಓಡಬಾರದು. ನಿಲ್ಲಬೇಕು, ನೆಲಕ್ಕೆ ಬೀಳಬೇಕು, ಕೈಯಿಂದ ಮುಖ ಮುಚ್ಚಿಕೊಂಡು ಹೊರಳಬೇಕು. ನಿಂತವರ ಬಟ್ಟೆಯ ಜ್ವಾಲೆ ಮುಖಕ್ಕೂ ಮೂಗಿಗೂ ಏರುತ್ತದೆ. ಸುಟ್ಟ ಜಾಗಕ್ಕೆ ಹರಿಯುವ ತಂಪು ನೀರು 20 ನಿಮಿಷ. ಎರಡು ನಿಮಿಷಕ್ಕೆ ನಿಲ್ಲಿಸಬೇಡಿ, ಚರ್ಮದೊಳಗಿನ ಕಾವು ಇಳಿಯಲು ಅಷ್ಟು ಬೇಕು. ತಡವಾಗಿದ್ದರೂ ಮೂರು ಗಂಟೆಯೊಳಗಾದರೆ ಉಪಯೋಗವಿದೆ. ಐಸು, ಟೂತ್‌ಪೇಸ್ಟ್, ಬೆಣ್ಣೆ, ಇಂಕು ಯಾವುದೂ ಬೇಡ. ಉಂಗುರ, ಬಳೆ, ಗಡಿಯಾರ ಊದುವ ಮೊದಲೇ ಬಿಚ್ಚಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ. ಪುಟ್ಟ ಮಗುವಿನ ಮೈಯ ಹೆಚ್ಚು ಭಾಗ ಸುಟ್ಟಿದ್ದರೆ ಗಾಯಕ್ಕಷ್ಟೇ ನೀರು ಬಿಟ್ಟು ಉಳಿದ ಮೈ ಬೆಚ್ಚಗಿಡಿ. ಮುಖ ಸುಟ್ಟಿದ್ದರೆ, ಮೂಗಿನಲ್ಲಿ ಮಸಿ ಕಂಡರೆ, ದನಿ ಒಡೆದರೆ ಗಾಯ ಚಿಕ್ಕದಿದ್ದರೂ ತಕ್ಷಣ ಆಸ್ಪತ್ರೆಗೆ. ಶ್ವಾಸನಾಳ ಒಳಗೇ ಊದುತ್ತಿರಬಹುದು.

ಎರಡು_ಮಕ್ಕಳ_ಮನೆ:

ಅಭ್ಯಾಸ ಹೇಗೆ ಮಾಡಿಸುವುದು? ಮಕ್ಕಳು ಹೆದರದ ಹಾಗೆ.

ಹೊಸ್ತಿಲು:

ಮೊದಲ ಸಲ ಹಗಲಲ್ಲಿ, ಹೇಳಿಯೇ ಮಾಡಿ. ಎಲ್ಲರೂ ತಂತಮ್ಮ ಹಾಸಿಗೆಯಲ್ಲಿ ಮಲಗಲಿ, ನೀವು ಅಲಾರಮಿನ ಪರೀಕ್ಷೆಯ ಗುಂಡಿ ಒತ್ತಿ ಗಡಿಯಾರ ನೋಡಿ. ಬಾಗಿಲು ಮುಟ್ಟಿ ನೋಡುವುದು, ತೆವಳುವುದು, ಹಿಂದೆ ಬಾಗಿಲು ಮುಚ್ಚುವುದು, ಗುರುತಿನ ಜಾಗ ಸೇರಿ ಎಣಿಸುವುದು, ಒಬ್ಬರು ಫೋನಿನಲ್ಲಿ ಹೇಳಬೇಕಾದ್ದನ್ನು ಜೋರಾಗಿ ಹೇಳುವುದು, ಅಷ್ಟನ್ನೂ ಮಾಡಿ. ತೆವಳುವುದನ್ನು ಕಲಿಸಲು ಇಬ್ಬರು ದೊಡ್ಡವರು ಒಂದು ಬೆಡ್‌ಶೀಟನ್ನು ಮೊಣಕಾಲೆತ್ತರದಲ್ಲಿ ಹಿಡಿದುಕೊಳ್ಳಲಿ. ಅದು ಹೊಗೆ, ತಲೆ ತಾಗದಂತೆ ಕೆಳಗಿನಿಂದ ನುಸುಳಬೇಕು. ಮಕ್ಕಳಿಗೆ ಅದು ಆಟ.

ಎರಡನೇ ಸಲ ಕತ್ತಲಲ್ಲಿ, ದೀಪ ಹಾಕದೆ. ಆಮೇಲೆ ವರ್ಷಕ್ಕೆ ಕನಿಷ್ಠ ಎರಡು ಸಲ, ಅದರಲ್ಲಿ ಒಂದು ಮಲಗಿದ ಮೇಲೆ. ಒಂದು ಸಲ ಮುಖ್ಯ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು "ಇಲ್ಲಿ ಬೆಂಕಿ" ಎಂದು ಚೀಟಿ ಅಂಟಿಸಿ, ಯಾರಿಗೂ ಮೊದಲೇ ಹೇಳಬೇಡಿ. ಎರಡನೇ ದಾರಿ ನಿಜವಾಗಿಯೂ ಇದೆಯೇ ಎಂಬುದು ಆಗ ತಿಳಿಯುತ್ತದೆ. ಕಿಟಕಿಯ ಗ್ರಿಲ್ ಯಾರ ಕೈಯಲ್ಲಿ ತೆರೆಯುತ್ತದೆ, ಯಾರ ಕೈಯಲ್ಲಿ ಇಲ್ಲ ಎಂಬುದೂ.

ಪ್ರತಿ ಸಲ ಸಮಯದ ಜೊತೆ ತಡವಾದದ್ದು ಎಲ್ಲಿ ಎಂದು ಬರೆದಿಡಿ. ಚಪ್ಪಲಿ ಹುಡುಕಿದ್ದು, ನಾಯಿಯನ್ನು ಕರೆದದ್ದು, ಎರಡು ಬೀಗದ ಕೈಗಳಲ್ಲಿ ಯಾವುದೆಂದು ತಡಕಾಡಿದ್ದು. ಕೀಲಿಗೇ ಹತ್ತು ಸೆಕೆಂಡು ಹೋಗಿದ್ದರೆ ಅಂದು ಸಂಜೆಯೊಳಗೆ ಬಾಗಿಲ ಪಕ್ಕ ಮೊಳೆ ಹೊಡೆದು, ಬೇಕಾದ ಕೀಲಿಗೆ ಕೆಂಪು ದಾರ ಕಟ್ಟಿ ತೂಗುಹಾಕಿ, ಮತ್ತೊಮ್ಮೆ ಗಡಿಯಾರ ಹಿಡಿದು ನೋಡಿ.